ಜಂಟಿ ಖಾತೆ

"ಮೀ ನಾನ್ನಗಾರು ಎಲಾ ಪೋಯಾರು?" ಎಂದು ಡಾಕ್ಟರು ಕೇಳಿದರು. ನಿಮ್ಮ ತಂದೆಯವರು ಹೇಗೆ ಹೋದರು ಅಂತ. ಇದು 2021ರ ಮಾತು. ನಾನು ನಿವೃತ್ತನಾಗಿ ಒಂದು ವರ್ಷವಾಗಿತ್ತು. ಪಕ್ಕೆಯಲ್ಲಿ ನೋವು ಅಂತ ಹೋದವನಿಗೆ, ಮೂತ್ರಪಿಂಡದಲ್ಲಿ ಕಲ್ಲಿರಬಹುದು ಎಂದು ಸ್ಕ್ಯಾನಿಂಗ್ ಬರೆದುಕೊಟ್ಟಿದ್ದರು. ಕಲ್ಲು ಸಿಗಲಿಲ್ಲ. ಎರಡೂ ಮೂತ್ರಪಿಂಡಗಳ ತುಂಬ ದ್ರಾಕ್ಷಿ ಗೊಂಚಲಿನ ಹಾಗೆ ನೀರುಗುಳ್ಳೆಗಳು ಸಿಕ್ಕವು. ಇದು ಬಹುಮಟ್ಟಿಗೆ ಮನೆತನದಿಂದ ಬರುವ ಕಾಯಿಲೆ, ಅದಕ್ಕೇ ಕೇಳುತ್ತಿದ್ದೇನೆ ಎಂದರು.

ಮೂವತ್ತೇಳು ವರ್ಷ ಬ್ಯಾಂಕಿನಲ್ಲಿ ಕೂತು, ಸಾಲ ಕೇಳಲು ಬಂದವರ ತಂದೆ, ತಾತ, ಹೊಲ, ಮನೆ ಎಲ್ಲವನ್ನೂ ಕೆದಕಿ ಕೇಳಿ ಬರೆದುಕೊಂಡವನು ನಾನು. ನನ್ನ ಸ್ವಂತ ತಂದೆ ಯಾವ ಕಾಯಿಲೆಯಿಂದ ತೀರಿಕೊಂಡರು ಎಂದರೆ ಹೇಳಲು ಉತ್ತರವಿರಲಿಲ್ಲ. "ಗೊತ್ತಿಲ್ಲ ಸಾರ್, ನಾನು ಊರಲ್ಲಿರಲಿಲ್ಲ" ಅಂದೆ. ಅವರು ಚೀಟಿಯಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.

ಊರಲ್ಲಿರಲಿಲ್ಲ ಎಂಬುದು ನಿಜ. 1987ರಲ್ಲಿ ನಾನು ವರಂಗಲ್ ಹತ್ತಿರದ ಒಂದು ಶಾಖೆಯಲ್ಲಿದ್ದೆ. ಕ್ಯಾಶ್ ಮುಚ್ಚುವ ಹೊತ್ತಿಗೆ ಟೆಲಿಗ್ರಾಂ ಬಂತು. ಸಿಕಂದರಾಬಾದಿಗೆ ಬಂದು, ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ಗದಗಿನಲ್ಲಿಳಿದು, ರೋಣದ ಹತ್ತಿರದ ನಮ್ಮೂರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಪ್ಪನಿಗೆ ಐವತ್ತನಾಲ್ಕು. ಮೈಯೆಲ್ಲ ಬಾತಿತ್ತು, ಊಟ ಸೇರುತ್ತಿರಲಿಲ್ಲ ಎಂದಳು ಅವ್ವ. ಓಣಿಯವರಲ್ಲಿ ಒಬ್ಬರು ಕಾಮಾಲೆ ಅಂದರು, ಇನ್ನೊಬ್ಬರು ಹೊಲದ ಜಗಳದಾಗ ಯಾರೋ ಮಾಡಿಸ್ಯಾರ ಅಂದರು. ದಿನಕರ್ಮ ಮುಗಿಸಿದೆ, ರಜೆ ಮುಗಿಯಿತು, ವಾಪಸು ಬಂದೆ. ಹೊರನಾಡಿನಲ್ಲಿ ನೌಕರಿ ಮಾಡುವವರಿಗೆ ಮನೆಯ ಸುದ್ದಿಯ ತಲೆಬರಹ ಮಾತ್ರ ಸಿಗುತ್ತದೆ. ಒಳಗಿನ ವಿಷಯ ಅಲ್ಲಿಯೇ ಉಳಿದವರ ಹತ್ತಿರವೇ ಉಳಿಯುತ್ತದೆ.

ಆ ರಾತ್ರಿ ಅಣ್ಣನಿಗೆ ಫೋನ್ ಮಾಡಿದೆ. ಸ್ಕ್ಯಾನಿಂಗಿನ ವಿಷಯ ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಲೈನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ನಿಧಾನವಾಗಿ, "ನಂಗೂ ಐತಿ ತಮ್ಮಾ. ಆರು ವರ್ಷ ಆತು" ಎಂದ. ಮತ್ತೆ ಸ್ವಲ್ಪ ತಡೆದು, "ಯಾರ ಮುಂದೂ ಬಾಯಿ ಬಿಡಬ್ಯಾಡ. ಹುಡುಗಿ ಲಗ್ನ ಆಗಲಿ ಮೊದ್ಲು" ಎಂದ. ಹುಡುಗಿ ಅಂದರೆ ಅವನ ಮಗಳು, ಆಗ ಇಪ್ಪತ್ತಾರು ವರ್ಷದವಳು.

ನಾನು ಎಂ.ಕಾಂ. ಓದಿದವನು. ವಿಜ್ಞಾನಕ್ಕೂ ನನಗೂ ಎಸ್ಸೆಸ್ಸೆಲ್ಸಿಗೇ ಸಂಬಂಧ ಹರಿದಿತ್ತು. ಆದರೆ ಮೈಮೇಲೆ ಬಂದಾಗ ಮನುಷ್ಯ ಏನನ್ನೂ ಓದುತ್ತಾನೆ. ಮಗನ ಒತ್ತಾಯಕ್ಕೆ ರಕ್ತ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆ. ಬಂದ ವರದಿಯಲ್ಲಿ ನನಗೆ ಅರ್ಥವಾದದ್ದು ನನ್ನ ಹೆಸರು ಮತ್ತು ಜಿ.ಎಸ್.ಟಿ. ಮಾತ್ರ. ಅದನ್ನು ಓದಲು ಕಲಿಯುವುದಕ್ಕೆ ಮೂರು ತಿಂಗಳು ಹಿಡಿಯಿತು. ಕಲಿತದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ವಿಜ್ಞಾನ ಬಲ್ಲ ಓದುಗರು ಕ್ಷಮಿಸಬೇಕು.

ನಮ್ಮ ದೇಹದ ಹೆಚ್ಚುಕಡಿಮೆ ಪ್ರತಿಯೊಂದು ಜೀವಕೋಶದಲ್ಲೂ ಒಂದು ದಾಖಲೆ ಇದೆ. ಅದೇ ಡಿ.ಎನ್.ಎ. ನೂಲಿನಂಥ ವಸ್ತು. ಒಂದು ಕೋಶದಲ್ಲಿರುವುದನ್ನೆಲ್ಲ ಬಿಚ್ಚಿ ಉದ್ದಕ್ಕೆ ಹಿಡಿದರೆ ಸುಮಾರು ಎರಡು ಮೀಟರ್ ಆಗುತ್ತದಂತೆ. ಅದು ಬರೆದಿರುವುದು ನಾಲ್ಕೇ ಅಕ್ಷರಗಳಲ್ಲಿ: ಎ, ಟಿ, ಜಿ, ಸಿ. ನಾಲ್ಕು ರಾಸಾಯನಿಕಗಳ ಮೊದಲಕ್ಷರಗಳು ಇವು. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ. ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ. ಮನುಷ್ಯನ ಈ ಕಡತವನ್ನು ಓದಿ ಮುಗಿಸಿದೆವು ಎಂದು ವಿಜ್ಞಾನಿಗಳು 2003ರಲ್ಲಿ ಘೋಷಿಸಿದರು. ಆದರೂ ಓದಲಾಗದ ಪುಟಗಳು ಕೆಲವು ಉಳಿದಿದ್ದವು. ಅವು ತುಂಬಿದ್ದು 2022ರಲ್ಲಿ. ಆಡಿಟ್ ಮುಗಿದ ಮೇಲೂ ಸಸ್ಪೆನ್ಸ್ ಖಾತೆ ತೆರೆದೇ ಇರುವುದು ನಮಗೇನೂ ಹೊಸತಲ್ಲ.

ನನಗೆ ಬಹಳ ಹಿಡಿಸಿದ್ದು ಎರಡು ಎಳೆಗಳ ಸಂಗತಿ. ಡಿ.ಎನ್.ಎ. ಒಂದು ಎಳೆಯಲ್ಲ, ಒಂದಕ್ಕೊಂದು ಹೆಣೆದುಕೊಂಡ ಎರಡು ಎಳೆ. ಒಂದರಲ್ಲಿ ಎ ಇದ್ದರೆ ಎದುರಿನದರಲ್ಲಿ ಟಿ ಇರಲೇಬೇಕು. ಜಿ ಇದ್ದರೆ ಎದುರಿಗೆ ಸಿ. ಇದು ನಮ್ಮ ಜೋಡಿ ನಮೂದು ಪದ್ಧತಿಯೇ. ಪ್ರತಿ ಡೆಬಿಟ್ಟಿಗೂ ಒಂದು ಕ್ರೆಡಿಟ್. ಎರ್ವಿನ್ ಚಾರ್ಗಾಫ್ ಎಂಬ ರಸಾಯನ ವಿಜ್ಞಾನಿ 1950ರಲ್ಲಿ, ಯಾವ ಜೀವಿಯದನ್ನು ತೆಗೆದುಕೊಂಡರೂ ಎ ಎಷ್ಟಿದೆಯೋ ಟಿ ಅಷ್ಟೇ ಇದೆ, ಜಿ ಎಷ್ಟಿದೆಯೋ ಸಿ ಅಷ್ಟೇ ಇದೆ ಎಂದು ತೋರಿಸಿದ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಿದ್ದನ್ನು ನೋಡಿದ, ಆದರೆ ಯಾಕೆ ಟ್ಯಾಲಿ ಆಗುತ್ತದೆ ಎಂಬುದು ಗೊತ್ತಾಗಲಿಲ್ಲ. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದರ ಆಕಾರ ಕಂಡುಹಿಡಿದಾಗ ಕಾರಣ ತಿಳಿಯಿತು. ಅವರಿಗೆ ದಾರಿ ತೋರಿಸಿದ ಎಕ್ಸ್‌ರೇ ಚಿತ್ರ ರೊಸಾಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಶಾಲೆಯದು. ಆಕೆ 1958ರಲ್ಲೇ ತೀರಿಕೊಂಡರು, ನೊಬೆಲ್ ಬಂದದ್ದು 1962ರಲ್ಲಿ, ಗಂಡಸರಿಗೆ. ಕ್ರೆಡಿಟ್ ಬೀಳಬೇಕಾದ ಖಾತೆಗೆ ಬೀಳದ ಉದಾಹರಣೆಗಳು ಎಲ್ಲ ಕಡೆಯೂ ಇವೆ.

ಕೋಶ ಒಡೆದು ಎರಡಾಗುವಾಗ ಈ ಎರಡು ಎಳೆಗಳು ಬೇರೆಯಾಗುತ್ತವೆ. ಒಂದು ಎಳೆ ಕೈಯಲ್ಲಿದ್ದರೆ ಎದುರಿನದನ್ನು ಹೊಸದಾಗಿ ಬರೆದುಕೊಳ್ಳಬಹುದು. ಹೀಗೆ ಪ್ರತಿಯಿಂದ ಪ್ರತಿ. ತಪ್ಪು ತಿದ್ದುವ ಏರ್ಪಾಡೂ ಒಳಗೇ ಇದೆ. ಆದರೂ ಹುಟ್ಟುವ ಪ್ರತಿ ಮಗುವಿನಲ್ಲಿ ಅಪ್ಪ ಅವ್ವ ಇಬ್ಬರಲ್ಲೂ ಇಲ್ಲದ ಅರವತ್ತು ಎಪ್ಪತ್ತು ಹೊಸ ಬದಲಾವಣೆಗಳು ಇರುತ್ತವೆ. ಎರಡೂ ಪ್ರತಿ ಸೇರಿ 600 ಕೋಟಿ ಅಕ್ಷರಕ್ಕೆ ಇಷ್ಟು. ನಮ್ಮ ಯಾವ ಗುಮಾಸ್ತನಿಂದಲೂ ಸಾಧ್ಯವಿಲ್ಲದ ಕೆಲಸ.

ಇನ್ನು, ಈ ಅಕ್ಷರಗಳು ಹೇಳುವುದೇನು? ಇಲ್ಲಿ ನನಗೆ ಹಳೆಯ ಟಿ.ಟಿ. ನೆನಪಾಯಿತು. ತಂತಿಯ ಮೂಲಕ ಹಣ ಕಳಿಸುವ ಕಾಲದಲ್ಲಿ ನಮ್ಮ ಹತ್ತಿರ ಒಂದು ಗುಪ್ತ ಸಂಕೇತದ ಪುಸ್ತಕ ಇರುತ್ತಿತ್ತು. ನೋಡಿದವರಿಗೆ ಅರ್ಥವಿಲ್ಲದ ಅಕ್ಷರಗಳು. ಪುಸ್ತಕ ಇದ್ದವರಿಗೆ ಇಂಥವರಿಗೆ ಇಷ್ಟು ಹಣ ಕೊಡು ಎಂಬ ಆದೇಶ. ಡಿ.ಎನ್.ಎ.ದಲ್ಲೂ ಮೂರು ಮೂರು ಅಕ್ಷರ ಸೇರಿ ಒಂದು ಸಂಕೇತ. ನಾಲ್ಕು ಅಕ್ಷರದಲ್ಲಿ ಮೂರರ ಜೋಡಣೆ 64 ಆಗುತ್ತದೆ. ಅದರಲ್ಲಿ 61 ಸಂಕೇತಗಳು ಇಂಥ ಅಮೈನೋ ಆಮ್ಲ ತಂದು ಜೋಡಿಸು ಎನ್ನುತ್ತವೆ. ಉಳಿದ ಮೂರು, ಇಲ್ಲಿಗೆ ನಿಲ್ಲಿಸು ಎನ್ನುತ್ತವೆ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಹೇಳಿದ ಕ್ರಮದಲ್ಲಿ ಸಾಲಾಗಿ ಸೇರಿದರೆ ಒಂದು ಪ್ರೋಟೀನ್. ದೇಹ ಕಟ್ಟುವುದೂ ನಡೆಸುವುದೂ ಬಹುಮಟ್ಟಿಗೆ ಪ್ರೋಟೀನುಗಳೇ. ಮೂಲ ಪುಸ್ತಕವನ್ನು ಸ್ಟ್ರಾಂಗ್ ರೂಮಿನಿಂದ ಹೊರಗೆ ತರುವುದಿಲ್ಲ. ಬೇಕಾದ ಪುಟದ ನಕಲು ಮಾತ್ರ ಹೊರಗೆ ಬರುತ್ತದೆ. ಆ ನಕಲಿಗೆ ಆರ್.ಎನ್.ಎ. ಎಂದು ಹೆಸರು.

ಈ ಸಂಕೇತ ಪುಸ್ತಕವನ್ನು ಬಿಡಿಸಿದವರಲ್ಲಿ ಒಬ್ಬರು ಹರಗೋಬಿಂದ ಖೊರಾನಾ. ಈಗಿನ ಪಾಕಿಸ್ತಾನದಲ್ಲಿರುವ ಪಂಜಾಬಿನ ಹಳ್ಳಿಯಲ್ಲಿ 1922ರಲ್ಲಿ ಹುಟ್ಟಿದವರು. ಓದಿ 1949ರಲ್ಲಿ ಭಾರತಕ್ಕೆ ಮರಳಿದರೆ ಕೆಲಸ ಸಿಗಲಿಲ್ಲ. ತಿರುಗಿ ಹೋದರು. 1968ರಲ್ಲಿ ಇನ್ನಿಬ್ಬರ ಜೊತೆ ನೊಬೆಲ್ ಬಂದಾಗ ಅವರು ಅಮೆರಿಕದಲ್ಲಿದ್ದರು. ಅಷ್ಟು ಹೊತ್ತಿಗೆ ಅವರ ಹುಟ್ಟೂರು ಬೇರೆ ದೇಶವಾಗಿತ್ತು. ಗುಂತಕಲ್ಲಿನಲ್ಲಿ ಗಾಡಿ ಬದಲಿಸಿದ್ದಕ್ಕೇ ದೂರ ಬಂದೆ ಅಂದುಕೊಂಡವನು ನಾನು.

ನನ್ನ ವರದಿಗೆ ಬರುತ್ತೇನೆ. ಹದಿನಾರನೆಯ ಕ್ರೋಮೋಸೋಮಿನ ಮೇಲೆ ಒಂದು ಜೀನ್ ಇದೆ. 1994ರಲ್ಲಿ ಪತ್ತೆಯಾದದ್ದು. ಅದು ಬರೆಸುವ ಪ್ರೋಟೀನ್ ಬಹಳ ಉದ್ದ, 4300ಕ್ಕೂ ಹೆಚ್ಚು ಅಮೈನೋ ಆಮ್ಲ. ನನ್ನ ಎರಡು ಪ್ರತಿಗಳಲ್ಲಿ ಒಂದರಲ್ಲಿ, ಸಿಎಜಿ ಎಂದು ಇರಬೇಕಾದ ಜಾಗದಲ್ಲಿ ಟಿಎಜಿ ಎಂದಿದೆ. ಒಂದೇ ಅಕ್ಷರ. ಸಿಎಜಿ ಎಂದರೆ ಗ್ಲುಟಮಿನ್ ಜೋಡಿಸು. ಟಿಎಜಿ ಎಂದರೆ ನಿಲ್ಲಿಸು. ಹೀಗಾಗಿ ಆ ಪ್ರತಿಯಿಂದ ಬರಬೇಕಾದ ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಅವ್ವನಿಂದ ಬಂದ ಪ್ರತಿ ಸರಿಯಿದೆ, ಆದರೆ ಈ ಕಾಯಿಲೆಯಲ್ಲಿ ಅದೊಂದೇ ಸಾಲದು. ನನ್ನ ಮಕ್ಕಳಿಗೆ ನಾನು ಎರಡರಲ್ಲಿ ಒಂದನ್ನು ಮಾತ್ರ ಕೊಟ್ಟಿರುತ್ತೇನೆ. ಯಾವುದನ್ನು ಎಂಬುದು ನಾಣ್ಯ ಚಿಮ್ಮಿದ ಹಾಗೆ, ಪ್ರತಿ ಮಗುವಿಗೂ ಹೊಸದಾಗಿ ಚಿಮ್ಮಿದ ನಾಣ್ಯ.

ಮಗನಿಗೆ ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ. ಪುಣೆಯಲ್ಲಿರುವ ಮಗಳಿಗೆ ಇದೆ.

ಆ ದಿನ ನಾನು ಅವಳಿಗೆ ಫೋನಿನಲ್ಲಿ ಕ್ಷಮೆ ಕೇಳುವ ಮಾತು ಆಡಿದೆ. "ಅಪ್ಪಾ, ನಿಮ್ಮ ಮೂಗು ಕೊಟ್ಟಿದ್ದಕ್ಕ ಇಷ್ಟು ದಿನ ಕ್ಷಮೆ ಕೇಳಲಿಲ್ಲ, ಇದಕ್ಕ್ಯಾಕ?" ಎಂದು ನಕ್ಕಳು. ನಕ್ಕಳು ನಿಜ, ಆಮೇಲೆ ಎರಡು ದಿನ ಫೋನ್ ಎತ್ತಲಿಲ್ಲ.

ನಾನು ತಪ್ಪಿತಸ್ಥನೇ? ಕ್ಯಾಶಿನಲ್ಲಿ ಕೂತಾಗ ಖೋಟಾ ನೋಟಿನ ಕಾನೂನು ಬಾಯಿಪಾಠವಾಗಿತ್ತು. ಹಳೆಯ ದಂಡಸಂಹಿತೆಯ 489-ಬಿ. ಖೋಟಾ ಎಂದು ಗೊತ್ತಿದ್ದು, ಅಥವಾ ಹಾಗೆ ನಂಬಲು ಕಾರಣವಿದ್ದು ಚಲಾಯಿಸಿದರೆ ಅಪರಾಧ. ತಿಳಿಯದೆ ಕೈ ದಾಟಿಸಿದವನು ಅಪರಾಧಿಯಲ್ಲ. ನನ್ನ ಅಪ್ಪನಿಗೂ ತಿಳಿದಿರಲಿಲ್ಲ, ಮಕ್ಕಳು ಹುಟ್ಟುವಾಗ ನನಗೂ ತಿಳಿದಿರಲಿಲ್ಲ. ಈ ಹೋಲಿಕೆ ಕೇಳಿ ನಮ್ಮಾಕೆ ಬೈದಳು, ಮಗಳನ್ನು ಖೋಟಾ ನೋಟಿಗೆ ಹೋಲಿಸುತ್ತೀರಾ ಎಂದು. ಅವಳು ಹೇಳಿದ್ದು ಸರಿ. ನಾಣ್ಯ ಆ ಕಡೆ ಬಿದ್ದಿದ್ದರೆ ಕಾಯಿಲೆಯಿಲ್ಲದ ಇದೇ ಮಗಳು ನಮಗೆ ಸಿಗುತ್ತಿರಲಿಲ್ಲ. ಬೇರೆ ಯಾರೋ ಹುಟ್ಟುತ್ತಿದ್ದರು. ಆದರೂ ಕಾನೂನಿನ ಆ ಎರಡು ಮಾತು ನನ್ನನ್ನು ಬಿಡಲಿಲ್ಲ: ಗೊತ್ತಿದ್ದು, ಗೊತ್ತಿಲ್ಲದೆ. 2021ರ ಆ ಸಂಜೆಯವರೆಗೆ ನನಗೆ ಗೊತ್ತಿರಲಿಲ್ಲ. ಆಮೇಲೆ ಗೊತ್ತಿತ್ತು. ಊರಲ್ಲಿ ಅಣ್ಣನ ಮಗಳಿದ್ದಳು, ಹುಬ್ಬಳ್ಳಿಯಲ್ಲಿ ತಂಗಿ ಇದ್ದಳು.

ಗೋಪ್ಯತೆ ಅಂದರೆ ಏನು ಎಂದು ಬ್ಯಾಂಕಿನವರಿಗೆ ಹೇಳಿಕೊಡಬೇಕಿಲ್ಲ. ಸಿ.ಎ.ಐ.ಐ.ಬಿ. ಪರೀಕ್ಷೆಗೆ ಕೂತ ಪ್ರತಿಯೊಬ್ಬನೂ 1924ರ ಟೂರ್ನಿಯರ್ ಮೊಕದ್ದಮೆ ಓದಿರುತ್ತಾನೆ. ಗಿರಾಕಿಯ ಖಾತೆಯ ವಿಷಯ ಬ್ಯಾಂಕು ಹೊರಗೆ ಹೇಳಬಾರದು. ಕಾನೂನಿನ ಒತ್ತಾಯ, ಸಾರ್ವಜನಿಕ ಹಿತ, ಬ್ಯಾಂಕಿನ ಸ್ವಂತ ಹಿತ, ಗಿರಾಕಿಯ ಒಪ್ಪಿಗೆ, ಈ ನಾಲ್ಕು ಸಂದರ್ಭ ಬಿಟ್ಟು. ಅಣ್ಣ ತನ್ನ ಕಾಯಿಲೆಯನ್ನು ಗುಟ್ಟಾಗಿಡು ಎಂದಿದ್ದ. ಒಪ್ಪಿಗೆ ಇಲ್ಲ. ಅಷ್ಟಕ್ಕೆ ಮುಗಿಯಬೇಕಿತ್ತು.

ಮುಗಿಯಲಿಲ್ಲ, ಯಾಕೆಂದರೆ ಈ ಖಾತೆ ಅವನೊಬ್ಬನ ಹೆಸರಿನಲ್ಲಿಲ್ಲ. ಟಿಎಜಿ ಎಂಬ ಆ ಮೂರು ಅಕ್ಷರ ಅಪ್ಪನಲ್ಲಿತ್ತು, ಅವನಲ್ಲಿದೆ, ನನ್ನಲ್ಲಿದೆ, ನನ್ನ ಮಗಳಲ್ಲಿದೆ. ಇದು ಜಂಟಿ ಖಾತೆ. ಯಾರೂ ಸಹಿ ಹಾಕಿ ತೆರೆದದ್ದಲ್ಲ, ಯಾರೂ ಮುಚ್ಚುವಂತೆಯೂ ಇಲ್ಲ. ಜಂಟಿ ಖಾತೆಯಲ್ಲಿ ಒಬ್ಬ ತನ್ನ ಪಾಸ್‌ಬುಕ್ ತೆರೆದರೆ ಇನ್ನೊಬ್ಬನ ಬಾಕಿ ತಾನಾಗಿಯೇ ಕಾಣುತ್ತದೆ. ನನ್ನ ಕಾಯಿಲೆ ನಾನು ಹೇಳಿಕೊಂಡರೆ ಅಣ್ಣನ ಮನೆಯ ಕದ ತೆರೆದಂತೆ.

ಇಂಥದೇ ಒಂದು ಪ್ರಶ್ನೆ ಲಂಡನ್ನಿನ ಹೈಕೋರ್ಟಿಗೆ ಬಂದಿತ್ತು. ಒಬ್ಬ ತಂದೆಗೆ ಹಂಟಿಂಗ್‌ಟನ್ ಎಂಬ ಅನುವಂಶಿಕ ನರರೋಗ. ಮಗಳಿಗೆ ಹೇಳಬೇಡಿ ಎಂದು ಆತ ಡಾಕ್ಟರರಿಗೆ ಹೇಳಿದ. ಮಗಳು ಆಗ ಬಸುರಿ. ಅವರು ಹೇಳಲಿಲ್ಲ. ಆಮೇಲೆ ಅವಳಿಗೂ ಅದೇ ಕಾಯಿಲೆಯ ಜೀನ್ ಇರುವುದು ಗೊತ್ತಾಯಿತು. 2020ರಲ್ಲಿ ತೀರ್ಪು ಬಂತು. ತಂದೆಯ ಗೋಪ್ಯತೆ ಮತ್ತು ಮಗಳ ತಿಳಿಯುವ ಹಕ್ಕು ಎರಡನ್ನೂ ತೂಗಿ ನೋಡುವ ಹೊಣೆ ವೈದ್ಯರ ಮೇಲಿದೆ ಎಂದಿತು ಕೋರ್ಟು. ಆದರೆ ಆ ಮೊಕದ್ದಮೆಯಲ್ಲಿ ಮಗಳಿಗೆ ಪರಿಹಾರ ಸಿಗಲಿಲ್ಲ. ತೂಗಿ ನೋಡಿ ಎಂದು ಹೇಳುವುದು ಸುಲಭ. ತಕ್ಕಡಿ ಹಿಡಿದವನ ಕೈ ನಡುಗುತ್ತದೆ.

ಅಣ್ಣನ ಪಕ್ಷವನ್ನೂ ನಾನು ಹೇಳಲೇಬೇಕು. ಅವನೇನು ಅವಿದ್ಯಾವಂತನಲ್ಲ, ಮಾಸ್ತರಿಕೆ ಮಾಡಿ ನಿವೃತ್ತನಾದವನು. ನಾನು ಹೈದರಾಬಾದಿನಲ್ಲಿ ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯಲ್ಲಿದ್ದೇನೆ. ಎದುರು ಮನೆಯವರಿಗೆ ನನ್ನ ಕಾಯಿಲೆ ಗೊತ್ತಾದರೆ ಎರಡು ದಿನ ಅಯ್ಯೋ ಅನ್ನುತ್ತಾರೆ, ಮೂರನೆಯ ದಿನ ಮರೆಯುತ್ತಾರೆ. ನನ್ನ ಮಗಳ ಮದುವೆ ಅವಳೇ ನೋಡಿಕೊಂಡಳು. ಅಣ್ಣ ಇರುವುದು ಹುಟ್ಟಿದ ಓಣಿಯಲ್ಲಿ. ಅಲ್ಲಿ ಒಮ್ಮೆ ಆಡಿದ ಮಾತು ಮೂರು ತಲೆಮಾರು ಇರುತ್ತದೆ. ಆ ಮನೆತನದಾಗ ಕಿಡ್ನಿ ಹೋಗತಾವಂತ ಎಂದರೆ ಮುಗಿಯಿತು, ಅವನ ಮಗಳಿಗಷ್ಟೇ ಅಲ್ಲ, ನಮ್ಮ ಅಡ್ಡಹೆಸರಿನ ಎಲ್ಲ ಹೆಣ್ಣುಮಕ್ಕಳಿಗೂ. ಊರು ಬಿಟ್ಟವನಿಗೆ ಸತ್ಯ ಅಗ್ಗ. ಬೆಲೆ ಕಟ್ಟುವವನು ಊರಲ್ಲಿ ಉಳಿದವನು. ನಾನು ಇದನ್ನು ಎಷ್ಟೋ ರಾತ್ರಿ ಯೋಚಿಸಿದ್ದೇನೆ, ಇದಕ್ಕೆ ಇವತ್ತಿಗೂ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ.

ಹೊರನಾಡಿನಲ್ಲಿ ನಾವು ಮಕ್ಕಳಿಗೆ ಏನು ದಾಟಿಸಬೇಕು ಎಂದು ಎಷ್ಟು ಒದ್ದಾಡಿದ್ದೇವೆ! ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರಕ್ಕೆ ಮಕ್ಕಳನ್ನು ಎಳೆದುಕೊಂಡು ಹೋದದ್ದು, ಕಾಗುಣಿತ ಬರೆಸಿದ್ದು, ಮನೆಯಲ್ಲಿ ತೆಲುಗು ಆಡಿದರೆ ಗದರಿದ್ದು. ರಾಜ್ಯೋತ್ಸವದ ಭಾಷಣದಲ್ಲಿ ಕನ್ನಡ ನಮ್ಮ ರಕ್ತದಲ್ಲಿದೆ ಎಂದರೆ ಚಪ್ಪಾಳೆ ಬೀಳುತ್ತದೆ, ನಾನೂ ತಟ್ಟಿದ್ದೇನೆ. ರಕ್ತದ ಕೆಂಪು ಕಣಗಳಲ್ಲಿ ಡಿ.ಎನ್.ಎ. ಇರುವುದೇ ಇಲ್ಲವಂತೆ, ಪರೀಕ್ಷೆಗೆ ತೆಗೆಯುವುದು ಬಿಳಿ ಕಣಗಳಿಂದ. ಬಿಳಿ ಕಣದಲ್ಲೂ ಕನ್ನಡ ಇಲ್ಲ. ಇರುವುದು ಪ್ರೋಟೀನ್ ಕಟ್ಟುವ ಲೆಕ್ಕ. ಕನ್ನಡ ಬಾಯಿಂದ ಕಿವಿಗೆ ಹೋಗಬೇಕು, ದಿನಾ ಹೋಗಬೇಕು. ಅಷ್ಟು ಕಷ್ಟಪಟ್ಟು ಕೊಟ್ಟದ್ದು ಮಗನಲ್ಲಿ ಅರ್ಧ ಉಳಿದಿದೆ, ಮೊಮ್ಮಗನಲ್ಲಿ ನಾಲ್ಕು ಮಾತು. ಏನೂ ಕಷ್ಟಪಡದೆ, ಗೊತ್ತೇ ಇಲ್ಲದೆ ಕೊಟ್ಟದ್ದು ಒಂದಕ್ಷರವೂ ಬಿಡದೆ ತಲುಪಿದೆ.

ತಂಗಿಗೆ ಹೇಳಿದೆ. ಅವಳಿಗೆ ಕಾಯಿಲೆ ಇಲ್ಲ. 2022ರ ದಸರೆಯ ಮುಂದೆ ಅಣ್ಣನ ಮಗಳು ತಾನೇ ಫೋನ್ ಮಾಡಿದಳು. "ಕಾಕಾ, ಅಪ್ಪ ಯಾವ ಗುಳಿಗಿ ತಗೋತಾನ ಗೊತ್ತದೇನು? ಚೀಟಿ ಮುಚ್ಚಿಡ್ತಾನ" ಎಂದು ಕೇಳಿದಳು. ಸುಳ್ಳು ಹೇಳಲು ಬಾಯಿ ಬರಲಿಲ್ಲ. ಅವನ ವಿಷಯ ಹೇಳಲೂ ಬರಲಿಲ್ಲ. "ನಿಮ್ಮಪ್ಪನ ಮಾತು ನಿಮ್ಮಪ್ಪನ್ನೇ ಕೇಳವ್ವಾ. ನಂದು ನಾ ಹೇಳ್ತೀನಿ" ಎಂದು ನನ್ನ ಕಾಯಿಲೆಯ ಹೆಸರು ಹೇಳಿದೆ. ರಕ್ತದೊತ್ತಡ ಮೊದಲೇ ಹಿಡಿತಕ್ಕೆ ತಂದುಕೊಂಡರೆ ಮೂತ್ರಪಿಂಡ ಹೆಚ್ಚು ವರ್ಷ ಬಾಳುತ್ತದೆ, ಅದಕ್ಕೆ ನೋಡಿಸಿಕೋ ಎಂದೆ. ಸ್ಕ್ಯಾನಿಂಗ್ ಮಾಡಿಸುವುದು ಬಿಡುವುದು ನಿನ್ನ ಇಷ್ಟ, ತಿಳಿಯದೆ ಇರುವ ಹಕ್ಕೂ ನಿನಗಿದೆ ಎಂದೆ. ಗಂಡಿನ ಕಡೆಯವರಿಗೆ ಹೇಳುವುದೂ ಅವಳಿಗೇ ಬಿಟ್ಟದ್ದು ಎಂಬುದು ನನ್ನ ಎಣಿಕೆಯಾಗಿತ್ತು. ಅಣ್ಣನ ತಪ್ಪು ಹೊರಗಿನವರಿಂದ ಮುಚ್ಚಿಟ್ಟದ್ದಲ್ಲ. ಖಾತೆದಾರಳಿಗೇ ಪಾಸ್‌ಬುಕ್ ತೋರಿಸದೆ, ಅವಳ ಹೆಸರಿನಲ್ಲಿ ಬೇರೆಯವರಿಗೆ ಬ್ಯಾಲೆನ್ಸ್ ಸರ್ಟಿಫಿಕೇಟ್ ಕೊಡಲು ಹೊರಟದ್ದು. ಹೀಗೆ ನಾನು ನನಗೆ ಹೇಳಿಕೊಂಡೆ. ಅಣ್ಣ ಹನ್ನೊಂದು ತಿಂಗಳು ನನ್ನ ಜೊತೆ ಮಾತು ಬಿಟ್ಟ.

ಅವಳು ಬಿ.ಪಿ. ನೋಡಿಸಿಕೊಂಡಳು. ಸ್ಕ್ಯಾನಿಂಗ್ ಇನ್ನೂ ಮಾಡಿಸಿಲ್ಲ. ಆಗ ಮಾತುಕತೆಯಲ್ಲಿದ್ದ ಸಂಬಂಧ ಮುರಿಯಿತು. ಯಾಕೆ ಮುರಿಯಿತು ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ.

2023ರ ಗಣೇಶನ ಹಬ್ಬ ಮುಗಿದ ಮೇಲೆ ವೈನಿ ಫೋನ್ ಮಾಡಿದರು. ಅಣ್ಣನ ಕ್ರಿಯಾಟಿನಿನ್ ಏರಿತ್ತು. "ನಿಮ್ಮ ಡಾಕ್ಟರಿಗೆ ತೋರಸ್ರೀ" ಎಂದರು. ಕರೆದುಕೊಂಡು ಬಂದೆ. ಗಾಡಿಯಿಂದ ಇಳಿದವನು ನನ್ನ ಮುಖ ನೋಡದೆ ಚೀಲ ಕೊಟ್ಟ.

ಅದೇ ಕೋಣೆ, ಅದೇ ಕುರ್ಚಿ. ಡಾಕ್ಟರು ನನ್ನ ಹಳೆಯ ಕಡತ ತೆರೆದು, ಪ್ರಶ್ನಾರ್ಥಕ ಚಿಹ್ನೆಯ ಮೇಲೆ ಪೆನ್ನಿಟ್ಟು, ಅಣ್ಣನ ಕಡೆ ತಿರುಗಿ ಅದೇ ಪ್ರಶ್ನೆ ಕೇಳಿದರು. ಅವನಿಗೆ ತೆಲುಗು ಬಾರದು. ನಾನು ಕನ್ನಡಕ್ಕೆ ಮಾಡಿ ಹೇಳಿದೆ: ಅಪ್ಪ ಹೆಂಗ ಹೋದ ಅಂತ ಕೇಳ್ತಾರ.

ಅಣ್ಣ ನನ್ನನ್ನೇ ನೋಡುತ್ತ ಹೇಳಿದ. "ಕಡೀ ಎಂಟು ದಿನ ಉಚ್ಚಿ ನಿಂತಿತ್ತು. ಗದಗ ಡಾಕ್ಟರು ಎರಡೂ ಕಿಡ್ನಿ ಹೋಗ್ಯಾವ ಅಂದಿದ್ರು." ಸ್ವಲ್ಪ ತಡೆದ. "ನಿನಗ ಪತ್ರ ಬರೀತೀನಿ ಅಂದ್ರ ಅಪ್ಪನ ಬ್ಯಾಡ ಅಂದ. ಹೊಸಾ ನೌಕರಿ, ಬಿಟ್ಟು ಓಡಿ ಬಂದಾನು, ಅವಂಗ ಹೇಳಬ್ಯಾಡ ಅಂದ."

ಡಾಕ್ಟರು ಪೆನ್ನು ಹಿಡಿದು ಕಾಯುತ್ತಿದ್ದರು. ಮೊದಲಿನ ಮಾತನ್ನು ತೆಲುಗಿಗೆ ಮಾಡಿ ಹೇಳಿದೆ, ಅವರು ಚಿಹ್ನೆ ಹೊಡೆದುಹಾಕಿ ಬರೆದುಕೊಂಡರು. ಎರಡನೆಯದನ್ನು ಹೇಳಲಿಲ್ಲ.